ಲಾರ್ಡ್ಸ್ ಟೆಸ್ಟ್: ಡ್ರಾ ವಿರುದ್ಧ ಹಣ ಕಟ್ಟುವ ಮುನ್ನ

ಪ್ರಶ್ನೆ: ಮುಂದಿನ ಲಾರ್ಡ್ಸ್ ಟೆಸ್ಟ್‌ಗೆ ಇಲ್ಲಿನ ಬೆಟ್ಟಿಂಗ್ ಎಕ್ಸ್‌ಚೇಂಜ್‌ನಲ್ಲಿ ಡ್ರಾ 'ಲೇ' ಮಾಡಿ, ಪಂದ್ಯದ ನಡುವೆಯೇ ಹೊರಬರುವುದು ಹೇಗೆ?
– ಓದುಗರೊಬ್ಬರು, ಲಂಡನ್

ಉತ್ತರ: ಎಕ್ಸ್‌ಚೇಂಜ್‌ನಲ್ಲಿ ಬೆಟ್ ಕಟ್ಟುವವರು ಪರಸ್ಪರರ ವಿರುದ್ಧವೇ ಕಟ್ಟುತ್ತಾರೆ. 'ಲೇ' ಎಂದರೆ ಡ್ರಾ ಆಗದು ಎಂದು ಕಟ್ಟುವುದು, 'ಬ್ಯಾಕ್' ಎಂದರೆ ಆಗುತ್ತದೆ ಎಂದು. ಡ್ರಾ ದರ 4.0 (ಗೆದ್ದರೆ ಕಟ್ಟಿದ ಹಣವೂ ಸೇರಿ ನಾಲ್ಕು ಪಟ್ಟು) ಇದ್ದಾಗ 20 ಪೌಂಡ್ ಲೇ ಮಾಡಿದರೆ ನಿಮ್ಮ ಹೊಣೆ, ಅಂದರೆ ಡ್ರಾ ಆದರೆ ಕಳೆದುಕೊಳ್ಳುವ ಹಣ, 20 ಅಲ್ಲ, 60 ಪೌಂಡ್. ಹೊಸಬರು ಎಡವುವುದು ಇಲ್ಲೇ. ವಿಕೆಟ್‌ಗಳು ಬಿದ್ದು ದರ 8.0ಕ್ಕೆ ಏರಿದಾಗ ಅದೇ ಡ್ರಾ ಮೇಲೆ 10 ಪೌಂಡ್ ಬ್ಯಾಕ್ ಮಾಡಿ. ಫಲಿತಾಂಶ ಏನೇ ಬಂದರೂ 10 ಪೌಂಡ್ ಉಳಿಯುತ್ತದೆ, ಅದರಲ್ಲಿ ಎಕ್ಸ್‌ಚೇಂಜ್‌ನ ಕಮಿಷನ್ ಕಳೆಯಿರಿ. ದರ 2.0ಕ್ಕೆ ಕುಸಿದರೆ ಹೊರಬರಲು 40 ಪೌಂಡ್ ಬ್ಯಾಕ್ ಮಾಡಬೇಕು, ನಷ್ಟ 20. ಈ ಮಿತಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ದರ ಕುಸಿಯಲು ಮುಖ್ಯ ಕಾರಣ ಮಳೆ. ದಿನಕ್ಕೆ 90 ಓವರ್. ಎರಡು ದಿನ ಕೊಚ್ಚಿಹೋದರೆ 450ರಲ್ಲಿ 180 ಇಲ್ಲ. ಆದರೆ ಹವಾಮಾನ ವರದಿಯನ್ನು ಎಲ್ಲರೂ ನೋಡಿರುತ್ತಾರೆ, ಅದು ದರದಲ್ಲೇ ಸೇರಿರುತ್ತದೆ. ಮೊದಲ ದಿನ ಪೂರ್ತಿ ಹೋದರೆ ಫಾಲೋಆನ್‌ಗೆ (ಹಿಂದುಳಿದ ತಂಡವನ್ನು ಕೂಡಲೇ ಮತ್ತೆ ಬ್ಯಾಟ್ ಮಾಡಿಸುವುದಕ್ಕೆ) ಬೇಕಾದ ಮುನ್ನಡೆ 200ರಿಂದ 150ಕ್ಕೆ ಇಳಿಯುತ್ತದೆ. ಇದನ್ನು ಹಲವರು ಮರೆಯುತ್ತಾರೆ.

ಟಿವಿ ಪ್ರಸಾರ ಮೈದಾನಕ್ಕಿಂತ ಕೆಲವು ಸೆಕೆಂಡ್ ಹಿಂದಿರುತ್ತದೆ. ವಿಕೆಟ್ ನೋಡಿ ಬಟನ್ ಒತ್ತುವಷ್ಟರಲ್ಲಿ ದರ ಬದಲಾಗಿರುತ್ತದೆ. ಭಾರತಕ್ಕೆ ಬಂದಾಗ ಆಡಬೇಡಿ: ಭಾರತದ 2025ರ ಕಾಯ್ದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ.