ಫ್ರ್ಯಾಂಕ್ ಮಾಡಿದ ತಪ್ಪಾದರೂ ಏನು?

ಓದುಗರ ಪತ್ರ: ಕಳೆದ ಸಂಚಿಕೆಯ ಬರಹ ಓದಿ ‘ಆಕ್ಟ್ ಆಫ್ ವಯೊಲೆನ್ಸ್’ ಎಂಬ ಹಳೆಯ ಹಾಲಿವುಡ್ ಚಿತ್ರ ನೋಡಿದೆ. ನಾಜಿಗಳ ಸೆರೆಯಲ್ಲಿದ್ದ ಅಮೆರಿಕದ ಸೈನಿಕ ಫ್ರ್ಯಾಂಕ್, ಜೊತೆಗಾರರ ತಪ್ಪಿಸಿಕೊಳ್ಳುವ ಯೋಜನೆಯನ್ನು ಬಾಯಿಬಿಟ್ಟಿದ್ದು ಅವರ ಜೀವ ಉಳಿಸಲು. ಮಾತಿಗೆ ತಪ್ಪಿದ್ದು ನಾಜಿಗಳು. ಆದರೂ ಕೊನೆಗೆ ಅವನನ್ನೇ ಸಾಯಿಸಿದ್ದು ಅನ್ಯಾಯ ಅಲ್ವಾ? ಪತ್ತೇದಾರನೂ ಇಲ್ಲದ, ಮೋಸಗಾತಿಯೂ ಇಲ್ಲದ ಇದು ನ್ವಾರ್ (ಕತ್ತಲು, ಅಪರಾಧ, ಭಯ ತುಂಬಿದ ಹಾಲಿವುಡ್ ಚಿತ್ರಗಳ ಬಗೆ) ಹೇಗಾಯಿತು? ಈ ಥರದ್ದು ಇನ್ನೇನಿದೆ?

ಸಂಪಾದಕರ ಉತ್ತರ: ಜೀವ ಉಳಿಸಲು ಅಂತ ನೀವು ಹೇಳಿದಿರಲ್ಲ, ಫ್ರ್ಯಾಂಕ್ ಕೂಡ ಮೊದಲು ಹಾಗೇ ಹೇಳಿಕೊಳ್ಳುವುದು. ಜೋ ಮತ್ತು ಉಳಿದ ಸೈನಿಕರು ಸೆರೆಶಿಬಿರದಿಂದ ಸುರಂಗ ಕೊರೆದು ತಪ್ಪಿಸಿಕೊಳ್ಳಲು ಹೊರಟಿದ್ದರು, ಹೋದರೆ ಸಾಯುತ್ತಾರೆ, ಅದಕ್ಕೇ ಅಧಿಕಾರಿಗೆ ತಿಳಿಸಿದೆ ಎಂಬುದು ಅವನ ವಾದ. ಆದರೆ ಹೋಟೆಲಿನ ಮೆಟ್ಟಿಲ ಮೇಲೆ ಹೆಂಡತಿ ಈಡಿತ್ ಎದುರು ಆ ವಾದ ಕುಸಿಯುತ್ತದೆ. ಆ ಅಧಿಕಾರಿ ಮಾತು ಉಳಿಸಿಕೊಳ್ಳುವುದಿಲ್ಲ ಎಂದು ಒಳಗೊಳಗೇ ಗೊತ್ತಿತ್ತು ಎಂದು ಒಪ್ಪಿಕೊಳ್ಳುತ್ತಾನೆ. ನಾಜಿಗಳು ಅವನಿಗೆ ಊಟ ಕೊಟ್ಟಿದ್ದರು. ಹೊರಗೆ ಗೆಳೆಯರು ಬಯೊನೆಟ್ ಇರಿತಕ್ಕೆ ಸತ್ತಿದ್ದರು, ಇವನು ತಿನ್ನುತ್ತಿದ್ದ. ಅವನನ್ನು ಕಾಡುವುದು ಆ ಊಟ. ಹಸಿವಿನಿಂದ ಒಣಗಿದವನು ತಿಂದದ್ದು ಅಪರಾಧವೇ ಅಂದರೆ, ಯಾವ ಕೋರ್ಟಾದರೂ ಅಲ್ಲ ಅಂದೀತು. ಅವನಿಗೆ ಮಾತ್ರ ಅದು ಸಮಾಧಾನ ತರಲಿಲ್ಲ.

ಸಾಯಿಸಿದ್ದು ಅನ್ಯಾಯ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನೀವು ಒಂದು ಘಟನೆಯನ್ನು ಬಿಟ್ಟೇ ಬಿಟ್ಟಿದ್ದೀರಿ. ಲಾಸ್ ಏಂಜಲಿಸ್‌ನ ರಾತ್ರಿಯಲ್ಲಿ ಕುಡಿದು, ಹೆದರಿ, ದಿಕ್ಕೆಟ್ಟು ಓಡುವ ಫ್ರ್ಯಾಂಕ್ ಅಲ್ಲಿನ ಪುಂಡರ ಕೈಗೆ ಸಿಕ್ಕಿ, ಅಂದು ಬದುಕುಳಿದು ಈಗ ಸೇಡಿಗಾಗಿ ತನ್ನ ಬೆನ್ನತ್ತಿದ್ದ ಜೋನನ್ನು ದುಡ್ಡು ಕೊಟ್ಟು ಮುಗಿಸಲು ಒಪ್ಪುತ್ತಾನೆ. ಅಂದರೆ ಅದೇ ಗೆಳೆಯನನ್ನು ಎರಡನೇ ಸಲ ಸಾವಿಗೆ ಒಪ್ಪಿಸಿದ. ಈ ಸಲ ಹಸಿವೂ ಇರಲಿಲ್ಲ, ನಾಜಿಗಳೂ ಇರಲಿಲ್ಲ, ಊರಲ್ಲಿ ಮನೆ, ಮಗು, ಕಟ್ಟಡದ ವ್ಯಾಪಾರ, ಯುದ್ಧವೀರ ಅನ್ನುವ ಹೆಸರು ಎಲ್ಲ ಇತ್ತು! ಹಾಗಾಗಿ ಕೊನೆಯಲ್ಲಿ ರೈಲು ನಿಲ್ದಾಣದ ಬಳಿ ಅವನು ಜೋಗೆ ಗುರಿಯಿಟ್ಟ ಗುಂಡಿಗೆ ಅಡ್ಡ ನಿಂತದ್ದು ಶಿಕ್ಷೆ ಅಲ್ಲ, ಅವನದೇ ತೀರ್ಮಾನ. ತಪ್ಪು ಮಾಡಿದವನಿಗೆ ಶಿಕ್ಷೆ ಆಗಲೇಬೇಕು ಎಂದು ಆಗಿನ ಹಾಲಿವುಡ್ ಸಂಹಿತೆ, ಅಂದರೆ ಚಿತ್ರೋದ್ಯಮ ತಾನೇ ಹಾಕಿಕೊಂಡಿದ್ದ ಕಟ್ಟುಪಾಡು, ಹೇಳುತ್ತಿತ್ತು ನಿಜ. ಅದಿಲ್ಲದಿದ್ದರೂ ಈ ಕಥೆ ಅಲ್ಲಿಗೇ ಬರುತ್ತಿತ್ತು ಎಂದು ನನ್ನ ನಂಬಿಕೆ.

ನಿರ್ದೇಶಕ ಫ್ರೆಡ್ ಜಿನ್ನೆಮನ್ ವಿಯೆನ್ನಾದಲ್ಲಿ ಬೆಳೆದ ಯಹೂದಿ. ಅವರ ತಂದೆ ತಾಯಿ ಇಬ್ಬರನ್ನೂ ನಾಜಿಗಳು ಕೊಂದರು, ಆ ಸುದ್ದಿ ಅವರಿಗೆ ತಿಳಿದದ್ದು ಯುದ್ಧ ಮುಗಿದ ಮೇಲೆ. ಅಂಥವರು ನಾಜಿಗಳನ್ನು ಬೈದು ಸುಮ್ಮನಾಗದೆ, ಬದುಕಿ ಬಂದವರ ಹೊಟ್ಟೆಯೊಳಗಿನ ಸಂಕಟಕ್ಕೆ ಕೈ ಹಾಕಿದರು. ಇನ್ನೊಂದು ವಿಷಯ: ಇದು 1948ರ ಚಿತ್ರ. ಹಿಂದಿನ ವರ್ಷವಷ್ಟೇ ವಾಷಿಂಗ್ಟನ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯವರು ಹಾಲಿವುಡ್ ಮಂದಿಯನ್ನು ಕೂರಿಸಿ ಕಮ್ಯುನಿಸ್ಟರು ಯಾರು ಯಾರು ಎಂದು ಕೇಳಿದ್ದರು. ಆ ಹೊತ್ತಲ್ಲಿ ಬಾಯಿಬಿಟ್ಟವನ ಕಥೆ ನೋಡಿದವರಿಗೆ ಏನೇನು ಅನಿಸಿರಬಹುದು!

ನ್ವಾರ್ ಅನ್ನಲು ಪತ್ತೇದಾರ ಬೇಕಿಲ್ಲ. ಮನೆಯ ದೀಪ ಆರಿಸಿ ಗಂಡ ಹೆಂಡತಿ ಕತ್ತಲಲ್ಲಿ ನಿಂತಿರುತ್ತಾರೆ, ಹೊರಗೆ ಜೋನ ಕುಂಟುಗಾಲು ಎಳೆಯುವ ಸದ್ದು. ಇದಕ್ಕಿಂತ ಜಾಸ್ತಿ ಇನ್ನೇನು ಬೇಕು ಹೇಳಿ. ಜೋ ಪಾತ್ರದ ರಾಬರ್ಟ್ ರಯನ್ ಅರ್ಧ ಚಿತ್ರದವರೆಗೆ ಕೊಲೆಗಡುಕನ ಹಾಗೇ ಕಾಣುತ್ತಾರೆ, ಆಮೇಲೆ ನಮ್ಮ ಪಕ್ಷ ಬದಲಾಗುತ್ತದೆ.

ಮುಂದಕ್ಕೆ ‘ದ ಬ್ಲೂ ಡಾಲಿಯಾ’ (1946) ನೋಡಿ. ತಲೆಗೆ ಪೆಟ್ಟಾದ ಮಾಜಿ ನಾವಿಕನೇ ಕೊಲೆಗಾರ ಎಂದು ಅದರ ಮೂಲ ಕಥೆ ಇತ್ತು, ನೌಕಾಪಡೆ ಒಪ್ಪದೆ ಬದಲಾಯಿಸಿದರು. ಜೊತೆಗೆ ಜಾನ್ ಹ್ಯೂಸ್ಟನ್ ಅವರ ಸಾಕ್ಷ್ಯಚಿತ್ರ ‘ಲೆಟ್ ದೇರ್ ಬಿ ಲೈಟ್’. ಅದರಲ್ಲಿರುವವರು ನಟರಲ್ಲ, ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ ನಿಜವಾದ ಸೈನಿಕರು. ಅಮೆರಿಕದ ಸೇನೆ ಅದನ್ನು 1980ರವರೆಗೆ ಜನರಿಗೆ ತೋರಿಸಲು ಬಿಡಲಿಲ್ಲ.