ಡಾಸ್ ಬ್ಯಾಚ್ ಫೈಲ್ ನಡುವೆ ನಿಲ್ಲದ ಹಾಗೆ ಎಲ್ಲಾ ಡ್ರೈವ್ ಸುತ್ತಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಡಾಸ್ 6 (ವಿಂಡೋಸ್‌ಗಿಂತ ಹಳೆಯ, ಕಮಾಂಡ್ ಟೈಪ್ ಮಾಡಿ ನಡೆಸುವ ಆಪರೇಟಿಂಗ್ ಸಿಸ್ಟಮ್) ಇರುವ ಹಳೆ ಪಿಸಿಯಲ್ಲಿ ಫ್ಲಾಪಿ, ಹಾರ್ಡ್ ಡಿಸ್ಕಿನ ಪಾರ್ಟಿಷನ್‌ಗಳು, ಸಿಡಿ ಡ್ರೈವ್ ಇವೆ. ಎಲ್ಲದರಲ್ಲೂ ಇರುವ ಟೆಕ್ಸ್ಟ್ ಫೈಲುಗಳ ಪಟ್ಟಿ ಒಂದೇ ಕಡೆ ಬೇಕು. ಬ್ಯಾಚ್ ಫೈಲ್ (ಒಂದಾದ ಮೇಲೊಂದು ನಡೆಯುವ ಕಮಾಂಡುಗಳ ಫೈಲ್) ಮಾತ್ರ ಅರ್ಧಕ್ಕೇ ನಿಂತುಬಿಡುತ್ತದೆ. ಕೊಮೊಡೋರ್ ಕಂಪನಿಯ ಹಳೆ ಕಂಪ್ಯೂಟರ್ ಅಮಿಗಾದಲ್ಲೂ ಇದು ಆಗುತ್ತಾ ಅಂತ ಕೇಳಿದ್ದೀರಿ.

ಇಂಥ ಸ್ಕ್ರಿಪ್ಟ್ ಬರೆಯುವುದು ನನಗೆ ತುಂಬಾ ಇಷ್ಟದ ಕೆಲಸ. ಸುತ್ತು ಹಾಕಿಸುವುದು ಸುಲಭ. ಯಾವ ಡ್ರೈವನ್ನು ಮುಟ್ಟಬಾರದು ಅಂತ ಮೊದಲೇ ತೀರ್ಮಾನಿಸುವುದೇ ಮುಖ್ಯ. ಬ್ಯಾಚ್ ಫೈಲಿನ ಕೈಗೆ ಸಿಗುವ ಹಾಗೆ ಡ್ರೈವ್‌ಗಳ ಪಟ್ಟಿ ಕೊಡುವ ಕಮಾಂಡ್ ಡಾಸ್‌ನಲ್ಲಿ ಇಲ್ಲ. ಹಾಗಾಗಿ ಅಕ್ಷರಗಳನ್ನು ನಾವೇ ಬರೆಯಬೇಕು. ಸಾಲು ಹೀಗಿರಲಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ (%%ವಿ ಜಾಗಕ್ಕೆ ಪ್ರತಿ ಸುತ್ತಿನಲ್ಲೂ ಒಂದೊಂದು ಡ್ರೈವ್ ಅಕ್ಷರ ಬರುತ್ತದೆ):

ಫಾರ್ %%ವಿ ಇನ್ (ಸಿ ಡಿ %1 %2) ಡು ಇಫ್ ಎಕ್ಸಿಸ್ಟ್ %%ವಿ:\ನಲ್ ಕಾಲ್ ಪಟ್ಟಿ %%ವಿ

ನಲ್ ಎಂಬ ಡಿವೈಸ್ (ಬರೆದಿದ್ದನ್ನೆಲ್ಲ ಎಸೆದುಬಿಡುವ ತೋರಿಕೆಯ ಫೈಲ್) ಡಾಸ್‌ನ ಪ್ರತಿಯೊಂದು ಡೈರೆಕ್ಟರಿಯಲ್ಲೂ ಇರುವಂತೆ ಕಾಣುತ್ತದೆ. ಅದಕ್ಕೇ ಈ ಪರೀಕ್ಷೆ ನಡೆಯುತ್ತದೆ. ಆದರೆ ಆ ಅಕ್ಷರದ ಡ್ರೈವ್ ಇದೆಯಾ ಅನ್ನುವುದಕ್ಕಷ್ಟೇ ಇದನ್ನು ನಂಬಿ. ಒಳಗೆ ಡಿಸ್ಕ್ ಇದೆಯಾ ಅನ್ನುವುದಕ್ಕೆ ನಂಬಬೇಡಿ. ಖಾಲಿ ಫ್ಲಾಪಿ ಡ್ರೈವನ್ನು ಓದಲು ಹೋದರೆ 'ಅಬಾರ್ಟ್, ರಿಟ್ರೈ, ಫೇಲ್?' ಅಂತ ಕೇಳಿ ಡಾಸ್ ಕಾಯುತ್ತಾ ಕೂರುತ್ತದೆ. ಖಾಲಿ ಸಿಡಿ ಡ್ರೈವ್ ಆದರೆ ಸಿಡಿಆರ್101 ಅಂತ ಶುರುವಾಗುವ ಸಂದೇಶ. ಒಂದೇ ಫ್ಲಾಪಿ ಇರುವ ಮಷೀನಿನಲ್ಲಿ ಬಿ ಡ್ರೈವ್ ಮುಟ್ಟಿದರೆ, ಬಿ ಡಿಸ್ಕ್ ಹಾಕಿ ಕೀ ಒತ್ತಿ ಅನ್ನುತ್ತದೆ. ನಿಮ್ಮ ಫೈಲ್ ನಿಲ್ಲುತ್ತಿರುವುದು ಬಹುಶಃ ಇವುಗಳಲ್ಲಿ ಒಂದರ ಹತ್ತಿರ.

ಅದಕ್ಕೇ ಮೇಲಿನ ಸಾಲಿನಲ್ಲಿ ಹಾರ್ಡ್ ಡಿಸ್ಕಿನ ಅಕ್ಷರ ಮಾತ್ರ ಖಾಯಂ. ತೆಗೆದು ಹಾಕುವ ಡಿಸ್ಕುಗಳಿಗೆ %1, %2 ಇವೆ, ಅಂದರೆ ಬ್ಯಾಚ್ ಫೈಲಿನ ಹೆಸರಾದ ಮೇಲೆ ನೀವು ಟೈಪ್ ಮಾಡುವ ಮೊದಲ, ಎರಡನೇ ಪದ. ಸಿಡಿ ಹಾಕಿದ್ದೀರಾ? ಬ್ಯಾಚ್ ಫೈಲಿನ ಹೆಸರಾದ ಮೇಲೆ ಜಾಗ ಬಿಟ್ಟು ಅದರ ಅಕ್ಷರ ಸೇರಿಸಿ. ಹಾಕಿಲ್ಲದಿದ್ದರೆ ಸುಮ್ನೆ ಬಿಡಿ. ಖಾಲಿ %1 ಪಟ್ಟಿಯಿಂದ ತಾನಾಗೇ ಮಾಯವಾಗುತ್ತದೆ, ಫಾರ್ ತಕರಾರು ಮಾಡುವುದಿಲ್ಲ.

ಡು ಆದ ಮೇಲೆ ಒಂದೇ ಕಮಾಂಡಿಗೆ ಜಾಗ. ಹಾಗಾಗಿ ಕೆಲಸವನ್ನು 'ಪಟ್ಟಿ' ಎಂಬ ಎರಡನೇ ಬ್ಯಾಚ್ ಫೈಲಿನಲ್ಲಿ ಇಡಿ. ಕಾಲ್ ಬಿಟ್ಟರೆ ಅದು ಮೊದಲ ಫೈಲಿಗೆ ವಾಪಸ್ ಬರುವುದೇ ಇಲ್ಲ. ಕಾಲ್ ಬಂದಿದ್ದು ಡಾಸ್ 3.3ರಲ್ಲಿ, 1987ರಲ್ಲಿ. ಎರಡನೇ ಫೈಲಿನಲ್ಲಿ ಒಂದೇ ಸಾಲು ಸಾಕು (ಇಲ್ಲಿ %1 ಅಂದರೆ ಮೊದಲ ಫೈಲ್ ಕಳಿಸಿದ ಡ್ರೈವ್ ಅಕ್ಷರ):

ಡಿಐಆರ್ %1:\*.ಟಿಎಕ್ಸ್‌ಟಿ /ಎಸ್ /ಬಿ >> ಸಿ:\ಪಟ್ಟಿ.ಲಾಗ್

ಕೋಲನ್ ಆದ ಮೇಲಿನ ಆ ಬ್ಯಾಕ್‌ಸ್ಲ್ಯಾಶ್ ನೋಡಿ. ಡಾಸ್ ಪ್ರತಿ ಡ್ರೈವಿಗೂ ಬೇರೆ ಬೇರೆ ಕರೆಂಟ್ ಡೈರೆಕ್ಟರಿ ನೆನಪಿಟ್ಟುಕೊಳ್ಳುತ್ತದೆ. ಬ್ಯಾಕ್‌ಸ್ಲ್ಯಾಶ್ ಇಲ್ಲದಿದ್ದರೆ ಹುಡುಕಾಟ ಅಲ್ಲಿಂದಲೇ ಶುರು. ಡಿ ಡ್ರೈವಿನಲ್ಲಿ ಕೊನೆಗೆ ಗೇಮ್ಸ್ ಡೈರೆಕ್ಟರಿಯಲ್ಲಿದ್ದಿರಿ ಅಂದುಕೊಳ್ಳಿ. ಗೇಮ್ಸ್ ಒಳಗಿನ ಫೈಲುಗಳಷ್ಟೇ ಬರುತ್ತವೆ, ಎರರ್ ಏನೂ ಬರುವುದಿಲ್ಲ. ಪಟ್ಟಿ ಪೂರ್ತಿಯಾಗಿದೆ ಅಂತ ನಂಬಿಬಿಡುತ್ತೀರಿ. ನಿಂತುಬಿಡುವುದಕ್ಕಿಂತ ಇದು ಜಾಸ್ತಿ ಅಪಾಯ ಅಂತ ನನ್ನ ಅಭಿಪ್ರಾಯ.

ಪಟ್ಟಿಗೆ ಲಾಗ್ ಅಂತ ಬಾಲ ಕೊಟ್ಟಿದ್ದಕ್ಕೂ ಕಾರಣ ಇದೆ. ಟೆಕ್ಸ್ಟ್ ಫೈಲ್ ಮಾಡಿದ್ದರೆ ಅದೂ ಪಟ್ಟಿಯೊಳಗೆ ಸೇರುತ್ತಿತ್ತು, ಅಲ್ವಾ? ಸಬ್‌ಸ್ಟ್ (ಡೈರೆಕ್ಟರಿಯೊಂದಕ್ಕೆ ಡ್ರೈವ್ ಅಕ್ಷರ ಕೊಡುವ ಕಮಾಂಡ್) ಹಾಕಿ ಮಾಡಿದ ಡ್ರೈವ್ ಅಕ್ಷರಗಳನ್ನೂ ಹೊರಗಿಡಿ, ಇಲ್ಲದಿದ್ದರೆ ಅದೇ ಫೈಲುಗಳು ಎರಡು ಸಲ ಬರುತ್ತವೆ.

ಅಮಿಗಾದಲ್ಲಿ ಇದು ಎಷ್ಟೋ ಸಲೀಸು. ಅಲ್ಲಿ ಡ್ರೈವ್ ಬೇರೆ, ವಾಲ್ಯೂಮ್ (ಅದರೊಳಗಿನ, ತನ್ನದೇ ಹೆಸರಿರುವ ಡಿಸ್ಕ್) ಬೇರೆ. ಖಾಲಿ ಡ್ರೈವಿಗೆ ವಾಲ್ಯೂಮೇ ಇರುವುದಿಲ್ಲ. 'ಅಸೈನ್ ವಾಲ್ಸ್' ಅಂತ ಕೊಟ್ಟರೆ ಸಿಸ್ಟಮ್ಮೇ ಹೆಸರುಗಳನ್ನು ತೋರಿಸುತ್ತದೆ, ಮೌಂಟ್ ಆಗಿರುವುದರ (ಈಗ ಬಳಸಲು ಸಿಗುವುದರ) ಪಕ್ಕದಲ್ಲಿ ಹಾಗಂತ ಗುರುತೂ ಇರುತ್ತದೆ. ಗುರುತಿಲ್ಲದ ಹೆಸರು ಬಳಸಿದರೆ ಆ ಡಿಸ್ಕ್ ಹಾಕಿ ಅಂತ ಕಿಟಕಿ ತೆರೆದು ಕಾಯುತ್ತದೆ. ನಾನಾದರೆ ಅಮಿಗಾದ ಸ್ಕ್ರಿಪ್ಟ್ ಭಾಷೆಯಾದ ಎರೆಕ್ಸ್ ಬಳಸುತ್ತೇನೆ. ಅದರ ರೆಕ್ಸ್‌ಸಪೋರ್ಟ್ ಲೈಬ್ರರಿಯಲ್ಲಿ ಶೋಲಿಸ್ಟ್ ಎಂಬ ಫಂಕ್ಷನ್ ಇದೆ. ಮೊದಲನೆಯದಾಗಿ 'ವಿ' ಕೊಡಿ, ಎರಡನೆಯದು ಖಾಲಿ, ಮೂರನೆಯದಾಗಿ ಸೆಮಿಕೋಲನ್. ಸೆಮಿಕೋಲನ್ ಮರೆಯಬೇಡಿ. ಇಲ್ಲದಿದ್ದರೆ ಹೆಸರುಗಳ ನಡುವೆ ಸ್ಪೇಸ್ ಬರುತ್ತದೆ, ಆಗ 'ರ್‍ಯಾಮ್ ಡಿಸ್ಕ್' ಎರಡು ವಾಲ್ಯೂಮ್ ಆಗಿಬಿಡುತ್ತದೆ. ಕಮಾಂಡಿಗೆ ಕೊಡುವಾಗಲೂ ಹೆಸರನ್ನು ಕೋಟ್ ಒಳಗೇ ಇಡಿ.