ಕ್ರಿಮಿನಾಲಜಿ ಓದಿದ್ರ ಪಿಎಸ್‌ಐ ಆಗ್ತಾಳೇನ್ರೀ?

ರೋಣದಿಂದ ಪತ್ರ ಬರದ ಅಕ್ಕಾರ, ಆರ್ಟ್ಸ್‌ನಾಗ ಪಿಯುಸಿ ಮುಗಿಸಿದ ನಿಮ್ಮ ಮಗಳು ಧಾರವಾಡದಾಗ ಬಿಎಗೆ ಕ್ರಿಮಿನಾಲಜಿ (ಅಪರಾಧಶಾಸ್ತ್ರ) ತಗೋತೀನಿ ಅಂತ ಹಟ ಹಿಡಿದಾಳ, ಮನಿಯವ್ರು "ಅದನ್ನ ಓದಿದ್ರ ಪಿಎಸ್‌ಐ ಆಗ್ತಾಳೇನು?" ಅನ್ನಾಕತ್ತಾರ ಅಂತ ಬರದೀರಿ. ನೇರ ಹೇಳ್ತೀನಿ, ಅದೊಂದರಿಂದ ಆಗೂದಿಲ್ರೀ. ಪಿಎಸ್‌ಐ ಪರೀಕ್ಷಾಕ್ಕ ಯಾವ ಡಿಗ್ರಿನೂ ನಡೀತದ, ಬಿಕಾಂ ಮಾಡಿದಾಕಿನೂ ಈಕಿನೂ ಒಂದ ಗ್ರೌಂಡಿನಾಗ ಓಡಬೇಕು, ಒಂದ ಪೇಪರ್ ಬರೀಬೇಕು.

ಹಂಗಂತ ಬ್ಯಾಡ ಅನಬ್ಯಾಡ್ರಿ.

ನಾ ಹೊಸದಾಗಿ ವರದಿಗಾರ ಆಗಿದ್ದಾಗ ಒಂದು ಹಳ್ಳ್ಯಾಗ ಕಳವಾಗಿತ್ತು. ಹಿತ್ತಲ ಬಾಗಲ ಮುಂದ ಎರಿ ಮಣ್ಣಿನ ರಾಡ್ಯಾಗ ಬರಿಗಾಲಿನ ಹೆಜ್ಜಿ ಒಂದು ಮೂಡಿತ್ತು, ಐದೂ ಬೆರಳು ಎಣಿಸಬಹುದಿತ್ತು, ಪಂಚನಾಮೆ ಬರಿಯಾಕ ಕುಂದ್ರೂದ್ರಾಗ ನೋಡಾಕ ಬಂದ ಮಂದಿ ಅದನ್ನ ತುಳದು ತುಳದು ಸಪಾಟ ಮಾಡಿಬಿಟ್ರು, ಒಂದು ಹಗ್ಗ ಅಡ್ಡ ಕಟ್ಟಬೇಕು ಅಂತ ಅಲ್ಲಿದ್ದ ಯಾರಿಗೂ ಹೊಳೀಲಿಲ್ಲ. ಆ ಹೆಜ್ಜಿ ಇನ್ನೂ ನನ್ನ ಕಣ್ಣ ಮುಂದ ಅದ. ಹಗ್ಗ ಯಾಕ ಕಟ್ಟಬೇಕು ಅನ್ನೂದನ್ನ ಕಲಿಸೂ ಓದು ಇದು.

ಈ ಓದಿನಾಗ ಬರೋ ಪೊಲೀಸ್ ಆಡಳಿತದ ಪೇಪರ್ ಅಂದ್ರ ಬರೇ ಲಾಠಿ, ಬಂದೂಕು ಅಲ್ರೀ. 1857ರ ದಂಗೆ ಆದ ಮ್ಯಾಲೆ, ಮರುವರ್ಷ ನಿಮ್ಮ ಪಕ್ಕದ ನರಗುಂದನೂ ಸಿಡದೆದ್ದಿತ್ತಲ್ಲ, ಬ್ರಿಟಿಷರು 1861ರಾಗ ಪೊಲೀಸ್ ಕಾಯ್ದೆ ತಂದ್ರು, ಅವ್ರಿಗೆ ಜನರ ಸೇವಾಕ್ಕಿಂತ ರಾಜ್ಯ ಉಳಿಸ್ಕೊಳ್ಳೂದು ಮುಖ್ಯ ಇತ್ತು, ಠಾಣೆ ಮೆಟ್ಲ ಹತ್ತಾಕ ನಮ್ಮ ಮಂದಿ ಇನ್ನೂ ಯಾಕ ಅಂಜ್ತಾರ ಅನ್ನೂದಕ್ಕ ಆ ಇತಿಹಾಸನೂ ಒಂದು ಕಾರಣ ಅಂತ ನಾ ತಿಳ್ಕೊಂಡೀನಿ. ಇವತ್ತಿನ ಕಾನೂನಿನ ಪ್ರಕಾರ ಪೊಲೀಸ್ರು ಹಿಡಿದವ್ರನ್ನ 24 ತಾಸಿನೊಳಗ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಿಸಬೇಕು, ಮನಿ ಮಂದಿಗೆ ಸುದ್ದಿ ಮುಟ್ಟಿಸಬೇಕು, ಹೆಣ್ಣಮಕ್ಕಳನ್ನ ತೀರಾ ಅಪರೂಪದ ಸಂದರ್ಭ ಬಿಟ್ರ ಸೂರ್ಯ ಮುಳುಗಿದ ಮ್ಯಾಲೆ ಬಂಧಿಸಂಗಿಲ್ಲ. ತನ್ನ ಅಧಿಕಾರ ಎಲ್ಲಿ ಮುಗೀತದ ಅಂತ ಇಪ್ಪತ್ತನೇ ವಯಸ್ಸಿಗೇ ಓದಿಕೊಂಡ ಹುಡುಗಿ ನಾಳೆ ಠಾಣೆದಾಗ ಕುಂತ್ರ ಎಷ್ಟು ಚಲೋ ಅಲ್ರೀ!

2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನು ಬಂದಾವ. ಶೋಧ, ಜಪ್ತಿ ಮಾಡೂದನ್ನ ವಿಡಿಯೋ ಮಾಡಬೇಕು, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರೋ ಅಪರಾಧ ಆದ್ರ ಫೊರೆನ್ಸಿಕ್‌ನವ್ರು (ಸಾಕ್ಷ್ಯ ಪರೀಕ್ಷಿಸೂ ವಿಧಿವಿಜ್ಞಾನ ತಜ್ಞರು) ಸ್ಥಳಕ್ಕ ಬರಬೇಕು, ಈ ಫೊರೆನ್ಸಿಕ್ ನಿಯಮ ಜಾರಿ ಮಾಡಾಕ ರಾಜ್ಯಗಳಿಗೆ 5 ವರ್ಷ ಟೈಮ್ ಕೊಟ್ಟಾರ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಧಾರವಾಡಕ್ಕ ಬಂದದ. ಆದ್ರ ಒಂದು ಮಾತು, ಲ್ಯಾಬಿನಾಗ ಕೆಲಸ ಮಾಡಬೇಕಂದ್ರ ಸೈನ್ಸ್ ಬೇಕು, ಆರ್ಟ್ಸ್ ಓದಿದಾಕಿಗೆ ಆ ದಾರಿ ಕಷ್ಟ, ಇದನ್ನ ಆಕಿಗೆ ಈಗ ಹೇಳ್ರಿ. ಡಿಗ್ರಿ ಆದಮ್ಯಾಲೆ ಎಲ್‌ಎಲ್‌ಬಿ ಮಾಡಬಹುದು, ಕಾನೂನು ವಿಶ್ವವಿದ್ಯಾಲಯ ಹುಬ್ಬಳ್ಳಿ ನವನಗರದಾಗನ ಅದ.

ಫೀ ತುಂಬೂಕಿಂತ ಮೊದ್ಲ ತಾಯಿ ಮಗಳು ಇಬ್ರೂ ಒಂದಿನ ಧಾರವಾಡಕ್ಕ ಹೋಗಿ ಸಿಲೆಬಸ್ ಇಸ್ಕೊಂಡು ಕುಂತು ಓದ್ರಿ, ಅಲ್ಲೇ ಫೈನಲ್ ಇಯರ್ ಹುಡುಗ್ಯಾರು ಸಿಕ್ರ ಮಾತಾಡ್ಸ್ರಿ. ಮುಂಜಾನೆ ಓಡೂದನ್ನ ಮಾತ್ರ ನಾಳೆಯಿಂದನ ಚಾಲೂ ಮಾಡ್ಲಿ.